ಅಡುಗೆಮನೆ ಮೂಲೆ ಕ್ಯಾಬಿನೆಟ್: ಮ್ಯಾಜಿಕ್ ಕಾರ್ನರ್ ಹಾಕಿಸಬೇಕಾ, ಸುಮ್ನೆ ಮುಚ್ಚಿಬಿಡಬೇಕಾ?

ಉತ್ತರಹಳ್ಳಿ_ಫ್ಲಾಟ್:

ಎಲ್ಲರಿಗೂ ನಮಸ್ಕಾರ. ಹೊಸ ಫ್ಲಾಟಿನ ಅಡುಗೆಮನೆ ಕೆಲಸ ಶುರುವಾಗಬೇಕು. ಮೂಲೆ ಕ್ಯಾಬಿನೆಟ್ ಒಂದು ತೀರ್ಮಾನವಾಗದೆ ಎಲ್ಲ ನಿಂತಿದೆ. ಎಲ್ ಆಕಾರದ ಕಟ್ಟೆ. ಪೂರ್ವದ ಗೋಡೆಗೆ ಎಂಟೂವರೆ ಅಡಿ, ಉತ್ತರದ ಗೋಡೆಗೆ ಆರು ಅಡಿ. ಒಲೆ ಪೂರ್ವದ ಕಡೆ, ಸಿಂಕ್ ಉತ್ತರದ ಕಡೆ. ಬಿಲ್ಡರ್ ಗ್ರಾನೈಟ್ ಹಾಕಿ ಕೊಟ್ಟಿದ್ದಾರೆ, ಕೆಳಗೆ ಕಡಪ ಕಲ್ಲಿನ ಕಾಲುಗಳಿವೆ. ಎರಡೂ ಕಟ್ಟೆ ಸೇರುವ ಮೂಲೆಯ ಕೆಳಗೆ ಕೈ ಹಾಕಿದರೆ ಭುಜದವರೆಗೂ ಹೋಗುತ್ತದೆ, ಆದರೂ ಗೋಡೆ ಸಿಗುವುದಿಲ್ಲ.

ಇಂಟೀರಿಯರ್‌ನವರು ಮ್ಯಾಜಿಕ್ ಕಾರ್ನರ್ (ಎಳೆದರೆ ಹೊರಗೆ ಬರುವ ಬುಟ್ಟಿಗಳು) ಹಾಕಿಸಿ ಅಂತ ಒಂದೇ ಹಟ. ಅದೊಂದಕ್ಕೇ 26 ಸಾವಿರ ಬರೆದಿದ್ದಾರೆ. ನಮ್ಮ ಯಜಮಾನರು ಆ ಮೂಲೆಯನ್ನು ಪ್ಲೈವುಡ್ ಹೊಡೆದು ಮುಚ್ಚಿಬಿಡೋಣ ಅನ್ನುತ್ತಾರೆ. ಅತ್ತೆ ಮಾತ್ರ, "ಅಷ್ಟು ದೊಡ್ಡ ಜಾಗ ಯಾಕೆ ಹಾಳು ಮಾಡ್ತೀರ, ಅಕ್ಕಿ ಡ್ರಮ್ ಇಡಿ, ಮುಗೀತು" ಅಂತ. ಮೂವರ ಮಾತೂ ಸರಿ ಅನ್ನಿಸುತ್ತಿದೆ, ಅದೇ ತೊಂದರೆ. ಬಳಸಿ ನೋಡಿದವರು ಹೇಳಿ.

ಮಾಡ್ಯುಲರ್_ಮಂಜ:

ಮೇಡಂ, ನಾನು ಮಾಡ್ಯುಲರ್ ಕಿಚನ್ ಕೆಲಸದಲ್ಲೇ ಇರುವವನು. ಮಾರುವವನ ಮಾತು ಅಂದುಕೊಂಡೇ ಓದಿ.

ಎಲ್ಲಕ್ಕಿಂತ ಅಗ್ಗದ್ದು ಸುಮ್ನೆ ಶೆಲ್ಫ್. ಒಂದು ಕಡೆ ಬಾಗಿಲು, ಒಳಗೆ ಉದ್ದಕ್ಕೆ ಹಲಗೆ. ಒಳಮೂಲೆಯ ಸಾಮಾನು ಬೇಕೆಂದರೆ ನೆಲಕ್ಕೆ ಕೂತು ತಲೆ ಒಳಗೆ ಹಾಕಬೇಕು. ಬೆಲೆಯಲ್ಲಿ ಅದರ ಮೇಲಿನದು ಡಿ ಟ್ರೇ: ಅರ್ಧ ಚಂದ್ರದ ತಟ್ಟೆಗಳು ಒಂದು ಕಂಬಕ್ಕೆ ಸಿಕ್ಕಿಸಿರುತ್ತವೆ, ತಿರುಗಿಸಿದರೆ ಹೊರಗೆ ಬರುತ್ತವೆ. ಮುಂದಿನ ಸಾಮಾನು ಚೆನ್ನಾಗಿ ಕೈಗೆ ಸಿಗುತ್ತದೆ, ಹಿಂದಿನ ಮೂಲೆ ಖಾಲಿಯೇ ಉಳಿಯುತ್ತದೆ. ಮುಕ್ಕಾಲು ಸುತ್ತಿನ ಕ್ಯಾರೊಸೆಲ್ ಅಂತ ಇನ್ನೊಂದಿದೆ. ಅದಕ್ಕೆ ಮೂಲೆಯ ಎರಡೂ ಕಡೆ ತೆರೆದಿರಬೇಕು, ಬಾಗಿಲು ಪುಸ್ತಕದ ಹಾಗೆ ಮಡಚಿಕೊಳ್ಳುತ್ತದೆ. ಪ್ರತಿ ಗೋಡೆಗೂ ಸುಮಾರು 3 ಅಡಿ ಜಾಗ ಕೇಳುತ್ತದೆ.

ದುಬಾರಿ ಸಾಲಿನಲ್ಲಿ ಎರಡು. ಲೆ ಮಾನ್ಸ್ ಅನ್ನುವುದು ಜರ್ಮನಿಯ ಕೆಸ್ಸೆಬೋಮರ್ ಕಂಪನಿಯದು. ನಡು ಸಣ್ಣಗಿರುವ ಎರಡು ತಟ್ಟೆ, ಒಂದೊಂದೇ ಬಳುಕಿಕೊಂಡು ಪೂರ್ತಿ ಹೊರಗೆ ಬರುತ್ತವೆ. ಇನ್ನೊಂದು ನಿಮ್ಮ ಮ್ಯಾಜಿಕ್ ಕಾರ್ನರ್. ಬಾಗಿಲು ಎಳೆದರೆ ಮುಂದಿನ ಬುಟ್ಟಿಗಳು ಹೊರಗೆ ಬಂದು ಪಕ್ಕಕ್ಕೆ ಸರಿಯುತ್ತವೆ, ಹಿಂದೆ ಕತ್ತಲಲ್ಲಿದ್ದ ಬುಟ್ಟಿಗಳು ಅವುಗಳ ಜಾಗಕ್ಕೆ ಬಂದು ನಿಲ್ಲುತ್ತವೆ. ಹೆಟ್ಟಿಚ್, ಹಾಫೆಲೆ, ಎಬ್ಕೋ ಎಲ್ಲರ ಹತ್ತಿರವೂ ಮೂಲೆಗೆ ಅಂತ ಒಂದಲ್ಲ ಒಂದು ಇದೆ. ಒಂದೊಂದಕ್ಕೂ ಕ್ಯಾಬಿನೆಟ್ ಒಳಗಿನ ಅಗಲ, ಬಾಗಿಲಿನ ಅಗಲ ಇಷ್ಟೇ ಇರಬೇಕು ಅಂತ ಲೆಕ್ಕ ಇರುತ್ತದೆ. ನಿಮ್ಮ ಇಂಟೀರಿಯರ್‌ನವರು ಅಳತೆ ತೆಗೆದುಕೊಂಡು ಹೇಳಿದರಾ, ಇಲ್ಲ ಫೋಟೋ ನೋಡಿ ಹೇಳಿದರಾ?

ಹಾಸನದ_ಸೊಸೆ:

ಯಾವ ಯಂತ್ರ ಅಂತ ಆಮೇಲೆ ನೋಡೋಣ. ಅಲ್ಲಿ ಏನು ಇಡುತ್ತೀರಿ ಅಂತ ಯಾರೂ ಕೇಳಲೇ ಇಲ್ಲವಲ್ಲ!

ನಮ್ಮ ಮನೆಯಲ್ಲಿ ನಾನು ಮಾಡಿಕೊಂಡಿರುವ ಲೆಕ್ಕ ಹೇಳುತ್ತೇನೆ. ದಿನಾ ಬೇಕಾದದ್ದು ಡ್ರಾಯರಿಗೆ. ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟಕ್ಕೆ: ಸಂಕ್ರಾಂತಿಯ ಸಕ್ಕರೆ ಅಚ್ಚು, ಗೌರಿ ಹಬ್ಬದ ಮೊರ, ಬೊಂಬೆ ಪೆಟ್ಟಿಗೆ. ಈ ಎರಡರ ನಡುವೆ ಒಂದು ಜಾತಿಯ ಸಾಮಾನು ಇರುತ್ತದೆ. ತಿಂಗಳಿಗೆ ಒಂದೆರಡು ಸಲ ಬೇಕು, ಆದರೆ ಭಾರ. ಕಬ್ಬಿಣದ ದೊಡ್ಡ ಬಾಣಲೆ, ಹೋಳಿಗೆ ಕಾವಲಿ, ಹಿತ್ತಾಳೆ ಚಕ್ಕುಲಿ ಒರಳು, ಹತ್ತು ಜನಕ್ಕೆ ಸಾರು ಮಾಡುವ ಪಾತ್ರೆ, ದೊಡ್ಡ ಕುಕ್ಕರ್, ಶಾವಿಗೆ ಒತ್ತುವ ಮಣೆ. ಇವನ್ನು ಸ್ಟೂಲ್ ಹತ್ತಿ ಅಟ್ಟದಿಂದ ಇಳಿಸುವುದು ನನ್ನ ವಯಸ್ಸಿಗೆ ಆಗುವ ಮಾತಲ್ಲ. ಡ್ರಾಯರಿಗೆ ಹಾಕಿದರೆ ಚಾನಲ್ ಜಗ್ಗುತ್ತದೆ. ಇವುಗಳಿಗೆ ಸರಿಯಾದ ಜಾಗ ನೆಲದ ಹತ್ತಿರದ ಮೂಲೆಯೇ.

ಇದಕ್ಕೆ 26 ಸಾವಿರದ ಬುಟ್ಟಿ ಬೇಡ. ಗಟ್ಟಿ ಹಲಗೆ, ಅಗಲವಾದ ಬಾಗಿಲು, ಒಳಗೆ ಒಂದು ಲೈಟು. ಅಷ್ಟೇ.

ಮಾಡ್ಯುಲರ್_ಮಂಜ:

ಅಕ್ಕಾ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ತಿಂಗಳಿಗೆ ಎರಡು ಸಲ ಬೇಕಾದ ಬಾಣಲೆ ಒಳಮೂಲೆಯಲ್ಲಿದ್ದರೆ, ಅದರ ಮುಂದೆ ಮಿಕ್ಸಿ ಜಾರು, ಟಿಫನ್ ಡಬ್ಬಿ, ಪ್ಲಾಸ್ಟಿಕ್ ಕವರಿನ ಗಂಟು ಎಲ್ಲ ಬಂದು ಕೂರುತ್ತವೆ. ಬಾಣಲೆ ತೆಗೆಯುವುದಕ್ಕೆ ಇದೆಲ್ಲ ಹೊರಗೆ. ಆಮೇಲೆ ಯಾರೂ ಬಾಣಲೆ ತೆಗೆಯುವುದಿಲ್ಲ, ಹೊಸದೊಂದು ಕೊಳ್ಳುತ್ತಾರೆ. ನಾನು ಹಳೆ ಕಿಚನ್ ಬಿಚ್ಚುವಾಗ ಒಳಮೂಲೆಗಳಲ್ಲಿ ಸೀಲ್ ಒಡೆಯದ ಉಡುಗೊರೆ ಡಿನ್ನರ್ ಸೆಟ್ ಎಷ್ಟು ನೋಡಿದ್ದೇನೋ.

ಹಾಸನದ_ಸೊಸೆ:

ಉಡುಗೊರೆ ಡಿನ್ನರ್ ಸೆಟ್ ಇರಬೇಕಾದ ಜಾಗವೂ ಅದೇ ಬಿಡಿ 😀

ಸಿವಿಲ್_ಸಿದ್ದ:

ಮೇಡಂ, ಬುಟ್ಟಿ, ಟ್ರೇ ಎಲ್ಲ ಪಕ್ಕಕ್ಕಿಡಿ. ಕಡಪ ಕಾಲು ಎಲ್ಲೆಲ್ಲಿ ನಿಂತಿದೆ ಅಂತ ಮೊದಲು ಹೇಳಿ. ಮೂಲೆಯ ಹಣೆಬರಹ ಅಲ್ಲೇ ಬರೆದಿರುತ್ತದೆ. ಗ್ರಾನೈಟ್ ಜಾಯಿಂಟ್ ಎಲ್ಲಿ ಬಂದಿದೆ ಅಂತಲೂ ನೋಡಿ. ಕಟ್ಟೆ ಮೇಲೆ ಕೈ ಆಡಿಸಿದರೆ ಉಗುರಿಗೆ ಸಣ್ಣ ಗೆರೆ ಸಿಗುತ್ತದೆ.

ಉತ್ತರಹಳ್ಳಿ_ಫ್ಲಾಟ್:

ಟೇಪ್ ಹಿಡಿದು ನೋಡಿ ಬಂದೆ ಸಾರ್. ಪೂರ್ವದ ಕಟ್ಟೆಯ ಗ್ರಾನೈಟ್ ಉತ್ತರದ ಗೋಡೆ ಮುಟ್ಟುವವರೆಗೆ ಒಂದೇ ತುಂಡು. ಸಿಂಕಿನ ಕಡೆಯ ತುಂಡು ಅದರ ಪಕ್ಕಕ್ಕೆ ಬಂದು ಸೇರಿದೆ, ಅಂದರೆ ಗೆರೆ ಪೂರ್ವದ ಗೋಡೆಯಿಂದ ಸರಿಯಾಗಿ 2 ಅಡಿಗೆ. ಆ ಗೆರೆಯ ಕೆಳಗೇ ಒಂದು ಕಡಪ ಕಲ್ಲು, ಮುಂದಿನಿಂದ ಹಿಂದಿನ ಗೋಡೆವರೆಗೆ ಪೂರ್ತಿ ನಿಂತಿದೆ. ಒಲೆಯ ಕಡೆ ಮುಂದಿನ ಕಾಲು ಉತ್ತರದ ಗೋಡೆಯಿಂದ ನಾಲ್ಕೂವರೆ ಅಡಿಗಿದೆ.

ಸಿವಿಲ್_ಸಿದ್ದ:

ಒಳ್ಳೆಯದಾಯಿತು, ಚಿತ್ರ ಪೂರ್ತಿ ಕಣ್ಣಿಗೆ ಬಂತು. ಸಿಂಕಿನ ಕಡೆಯಿಂದ ನಿಮ್ಮ ಮೂಲೆ ಮುಚ್ಚಿಹೋಗಿದೆ. ಒಲೆಯ ಕಡೆಯಿಂದ ಮಾತ್ರ ದಾರಿ. ನಾಲ್ಕೂವರೆ ಅಡಿಯಲ್ಲಿ ಮೊದಲ 2 ಅಡಿ ಆ ಕಲ್ಲಿನ ಹಿಂದಿದೆ, ಉಳಿದ ಎರಡೂವರೆ ಅಡಿ ನಿಮ್ಮ ಕಣ್ಣಿಗೆ ಕಾಣುವ ಬಾಯಿ.

ಈಗ ಯಾರಾದರೂ ಬಂದು "ಈ ಕಲ್ಲು ಕತ್ತರಿಸೋಣ, ಎರಡೂ ಕಡೆ ಬಾಗಿಲು ಬರುತ್ತೆ" ಅಂದರೆ ದಯವಿಟ್ಟು ಒಪ್ಪಬೇಡಿ. ಎರಡು ಗ್ರಾನೈಟ್ ತುಂಡು ಕೂತಿರುವುದೇ ಆ ಕಲ್ಲಿನ ಮೇಲೆ. ಅದನ್ನು ತೆಗೆದು ಬರಿ ಪ್ಲೈವುಡ್ ಡಬ್ಬದ ಮೇಲೆ ಭಾರ ಬಿಟ್ಟರೆ, ಇವತ್ತಲ್ಲ ನಾಳೆ ಜಾಯಿಂಟ್ ಬಿಡುತ್ತದೆ. ಪಾತ್ರೆ ತೊಳೆದ ನೀರು ಕಟ್ಟೆ ಮೇಲೆ ಹರಿದು ಅದೇ ಸಂದಿಯಲ್ಲಿ ಇಳಿಯುತ್ತದೆ. ಜೊತೆಗೆ ಆ ಕಲ್ಲು ನಿಮಗೆ ಇನ್ನೊಂದು ಉಪಕಾರ ಮಾಡುತ್ತಿದೆ. ಸಿಂಕಿನ ಕೆಳಗೆ ಪೈಪ್ ಸೋರಿದರೂ ನೀರು ಮೂಲೆಯೊಳಕ್ಕೆ ಬರುವುದಿಲ್ಲ.

ಮುಚ್ಚಿಬಿಡೋಣ ಅನ್ನುವ ಯಜಮಾನರಿಗೆ ಒಂದು ಲೆಕ್ಕ. ಒಳಗೆ ಸಿಗುವ ಜಾಗ ಸುಮಾರು 56 ಸೆಂಟಿಮೀಟರ್ ಉದ್ದ, 56 ಅಗಲ, 66 ಎತ್ತರ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 200 ಲೀಟರಿಗೂ ಸ್ವಲ್ಪ ಮೇಲೆ. ಮನೆಯಲ್ಲಿರುವ ಒಂದು ಬಾಗಿಲಿನ ಫ್ರಿಜ್ಜಿನಷ್ಟು ಜಾಗ. ಅದಕ್ಕೆ ಪ್ಲೈವುಡ್ ಹೊಡೆಯುವುದಕ್ಕೆ ಮನಸ್ಸು ಬರುತ್ತದಾ ಕೇಳಿ.

ನ್ಯೂಜೆರ್ಸಿ_ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ಮೂಲೆ ಅಂದರೆ ಲೇಜಿ ಸುಸಾನ್. 36 ಇಂಚಿನ ಮೂಲೆ ಕ್ಯಾಬಿನೆಟ್ ರೆಡಿಮೇಡ್ ಸಿಗುತ್ತದೆ, ಒಳಗೆ ತಿರುಗುವ ತಟ್ಟೆ. ನಮ್ಮ ಮನೆಯಲ್ಲೂ ಅದೇ. ಬೇಳೆ, ಹಿಟ್ಟು, ರವೆ ಡಬ್ಬಿಗೆ ತುಂಬ ಚೆನ್ನಾಗಿದೆ. ಕುಕ್ಕರ್ ಇಟ್ಟರೆ ಅದರ ಹಿಡಿ ಹೊರಗೆ ಚಾಚಿಕೊಂಡು ತಿರುಗುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ತಟ್ಟೆಯ ಅಂಚಿನಿಂದ ಏನಾದರೂ ಹಿಂದಕ್ಕೆ ಬಿದ್ದರೆ ಅದು ಗೋಡೆ ಮೂಲೆ ಸೇರುತ್ತದೆ, ಕೈಗೆ ಸಿಗುವುದಿಲ್ಲ.

ಸಿವಿಲ್_ಸಿದ್ದ:

ಅದು ಬೀಳುವ ಜಾಗ ಎಷ್ಟು ಗೊತ್ತಾ? ಚೌಕದೊಳಗೆ ದುಂಡಗಿನ ತಟ್ಟೆ ಕೂರಿಸಿದರೆ ನೂರರಲ್ಲಿ 21 ಭಾಗ ನಾಲ್ಕು ಮೂಲೆಗೆ ಹೋಗುತ್ತದೆ. ತಟ್ಟೆ ಎಷ್ಟೇ ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಮೇಲೆ ನಡುವಿನ ಕಂಬ ಬೇರೆ.

ನ್ಯೂಜೆರ್ಸಿ_ಕನ್ನಡಿಗ:

ಹೌದು, ಆದರೆ ಉಳಿದ 79 ಭಾಗ ದಿನಾ ಕೈಗೆ ಸಿಗುತ್ತದಲ್ಲ. ಶೆಲ್ಫಿನಲ್ಲಿ ನೂರಕ್ಕೆ ನೂರು ಜಾಗ ಇದ್ದೂ ಅರ್ಧ ಮರೆತುಹೋಗಿರುತ್ತದೆ. ಉತ್ತರಹಳ್ಳಿಯವರಿಗೆ ಒಂದೇ ಕಡೆ ಬಾಯಿ ಇರುವುದರಿಂದ ಇದು ಹೇಗೂ ಆಗುವುದಿಲ್ಲ ಅನ್ನಿ.

ಕಡಲ_ತೀರ_ಉಡುಪಿ:

ನಮ್ಮ ಕಡೆಯವರು ಬುಟ್ಟಿ ಹಾಕಿಸುವ ಮುಂಚೆ ಎರಡು ಸಲ ಯೋಚಿಸಿ. ನಮ್ಮ ಮನೆಗೆ ತೆಳು ಕಂಬಿಯ ಹೊಳೆಯುವ ಬುಟ್ಟಿಗಳ ಮ್ಯಾಜಿಕ್ ಕಾರ್ನರ್ ಹಾಕಿದ್ದರು, ಕಂಪನಿ ಹೆಸರು ಬೇಡ. ಎರಡನೇ ಮಳೆಗಾಲಕ್ಕೆ ಕಂಬಿ ಕಂಬಿ ಸೇರುವ ಬೆಸುಗೆ ಹತ್ತಿರ ಕೆಂಪು ಚುಕ್ಕಿ ಬಂತು. ಆಮೇಲೆ ಮೇಲಿನ ಹೊಳಪು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಕಬ್ಬಿಣಕ್ಕೆ ಕ್ರೋಮ್ ಬಳಿದದ್ದು. ಬಿಲ್ಲಿನಲ್ಲಿ ಸ್ಟೀಲ್ ಅಂತ ಇತ್ತು ಅಷ್ಟೇ. ಉಪ್ಪು ಗಾಳಿಗೆ ಅದು ನಿಲ್ಲುವುದಿಲ್ಲ. ಕೊಳ್ಳುವಾಗ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಬಾಡಿಗೆ_ಬದುಕು:

ಅದಕ್ಕೆ ಸುಲಭದ ದಾರಿ ಇದೆ, ಒಂದು ಅಯಸ್ಕಾಂತ ಇಟ್ಟು ನೋಡಿ. ಅಂಟದಿದ್ದರೆ 304.

ಕಡಲ_ತೀರ_ಉಡುಪಿ:

ಇಲ್ಲ ಮಾರಾಯರೇ, ಅದನ್ನು ನಂಬಬೇಡಿ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ ಇರಬಹುದು ಅಂತ ಅನುಮಾನ ಪಡಬಹುದು. ಅಂಟದಿದ್ದರೆ 304 ಅಂತ ಹೇಳಲಾಗುವುದಿಲ್ಲ. 202 ಗ್ರೇಡಿಗೂ ಅದು ಸರಿಯಾಗಿ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ. ಅದು ಅಗ್ಗ, ಕರಾವಳಿಯಲ್ಲಿ ಬೇಗ ತುಕ್ಕು ಹಿಡಿಯುವುದೂ ಅದೇ. ಅಂಗಡಿಯವರು ಅಯಸ್ಕಾಂತ ತೋರಿಸಿ ಇದನ್ನೇ ಮಾರಿಬಿಡುತ್ತಾರೆ.

ಬಾಡಿಗೆ_ಬದುಕು:

ಓ, ಇದು ಗೊತ್ತಿರಲಿಲ್ಲ. ಧನ್ಯವಾದ.

ನನ್ನಂಥ ಬಾಡಿಗೆದಾರರಿಗೂ ಒಂದಿಷ್ಟು ಜಾಗ ಬಿಡಿ ಇಲ್ಲಿ. ಮೊಳೆ ಹೊಡೆಯುವ ಹಾಗಿಲ್ಲ, ಓನರ್ ಬಂದು ಗೋಡೆ ನೋಡುತ್ತಾರೆ. ನಮ್ಮ ಮೂಲೆಗೆ ಬಾಗಿಲೇ ಇಲ್ಲ, ಬರಿ ಕಡಪ ಶೆಲ್ಫ್. ಅದಕ್ಕೆ ನಾನು ಉದ್ದನೆಯ ಪ್ಲಾಸ್ಟಿಕ್ ಕ್ರೇಟ್ ತಂದೆ, ತರಕಾರಿ ಮಂಡಿಯಲ್ಲಿ ಇರುತ್ತದಲ್ಲ ಆ ತರಹದ್ದು. ಮುಂದಿನ ತೂತಿಗೆ ನೈಲಾನ್ ಹಗ್ಗ ಕಟ್ಟಿದೆ. ಹಗ್ಗದ ತುದಿ ಬಾಯಿಯ ಹತ್ತಿರ. ಎಳೆದರೆ ಕ್ರೇಟ್ ಜಾರಿ ಬರುತ್ತದೆ. ಕಡಪ ಕಲ್ಲು ನುಣ್ಣಗಿರುವುದರಿಂದ ಚಕ್ರವೂ ಬೇಡ. ಎರಡು ಕ್ರೇಟ್ ಒಂದರ ಹಿಂದೆ ಒಂದು, ಹಿಂದಿನದಕ್ಕೆ ಕೆಂಪು ಹಗ್ಗ. ಮ್ಯಾಜಿಕ್ ಕಾರ್ನರ್ ಅಂದರೂ ಇದೇ ಅಲ್ವಾ!

ಕತ್ತಲಿಗೆ, ಕೈ ಆಡಿಸಿದರೆ ಹತ್ತಿಕೊಳ್ಳುವ ಸಣ್ಣ ಎಲ್‌ಇಡಿ ಸಿಗುತ್ತದೆ. ಚಾರ್ಜ್ ಮಾಡುವಂಥದ್ದು, ಹಿಂದೆ ಅಂಟು ಇರುತ್ತದೆ. ಮನೆ ಖಾಲಿ ಮಾಡುವಾಗ ಕಿತ್ತುಕೊಂಡು ಹೋಗಬಹುದು.

ಆಚಾರಿ_ಮಗ:

ಬಾಡಿಗೆ_ಬದುಕು ಅವರ ಹಗ್ಗದ ಉಪಾಯವನ್ನೇ ಸ್ವಲ್ಪ ಗಟ್ಟಿಯಾಗಿ ಮಾಡಿದರೆ ಉತ್ತರಹಳ್ಳಿ ಮೇಡಂ ಕೆಲಸ ಮುಗಿಯುತ್ತದೆ. ನಮ್ಮ ತಂದೆ ಕಾಲದಿಂದ ಮರಗೆಲಸ, ನಾನು ಈಗ ಬೆಂಗಳೂರಿನಲ್ಲೇ ಮಾಡುತ್ತೇನೆ.

ನಿಮ್ಮದು ಎರಡೂವರೆ ಅಡಿ ಬಾಯಿ. ಕೆಳಗಡೆ ತಳದ ಹಲಗೆ ಹಾಕಬೇಡಿ, ನೆಲದ ಟೈಲ್ಸ್ ಹಾಗೇ ಇರಲಿ. ಎರಡು ಪೆಟ್ಟಿಗೆ ಮಾಡಿಸಿ, ಮೇಲೆ ತೆರೆದಿರಬೇಕು, ಸುಮಾರು ಒಂದಡಿ ಎತ್ತರ. ಒಂದೊಂದಕ್ಕೂ ಎಲ್ಲ ಕಡೆ ತಿರುಗುವ ನಾಲ್ಕು ಚಕ್ರ. ಮುಂದಿನದನ್ನು ನೇರ ಹೊರಗೆ ಎಳೆಯುವುದು. ಆಮೇಲೆ ಒಳಗಿನದನ್ನು ಪಕ್ಕಕ್ಕೆ ಸರಿಸಿ ಹೊರಗೆ ಎಳೆಯುವುದು. ಒಳಗಿನ ಪೆಟ್ಟಿಗೆ ಬಾಯಿಗಿಂತ ಮೂರು ನಾಲ್ಕು ಇಂಚು ಸಣ್ಣದಿರಲಿ, ಇಲ್ಲದಿದ್ದರೆ ತಿರುಗುವಾಗ ಕಲ್ಲಿಗೆ ತಾಗುತ್ತದೆ. ಹಾಸನದ ಅಕ್ಕ ಹೇಳಿದ ಬಾಣಲೆ, ಕುಕ್ಕರ್, ಒರಳು ಎಲ್ಲ ಇದರಲ್ಲಿ ಕೂರುತ್ತವೆ. ಭಾರ ನೆಲದ ಮೇಲೆ ಬೀಳುತ್ತದೆ, ಯಾವ ಕಂಬಿಗೂ ಅಲ್ಲ. ನೆಲ ಒರೆಸಲು ಪೆಟ್ಟಿಗೆ ಹೊರಗೆ ತೆಗೆದರಾಯಿತು. ಮೇಲಿನ ಅರ್ಧಕ್ಕೆ ಒಂದು ಶೆಲ್ಫ್, ಅದನ್ನು ಪೂರ್ತಿ ಆಳ ಮಾಡಬೇಡಿ. ಮುಂದಿನಿಂದ ಒಂದಡಿ ಒಳಕ್ಕೆ ಸರಿಸಿ ಹಾಕಿ, ಆಗ ಬಗ್ಗಿದರೆ ಕೆಳಗಿನ ಪೆಟ್ಟಿಗೆಯ ಸಾಮಾನು ಕಾಣುತ್ತದೆ.

ಪ್ಲೈವುಡ್ ಐಎಸ್ 710 ಮಾರ್ಕಿನದು ಹಾಕಿಸಿ, ಅದು ಮರೈನ್ ಪ್ಲೈ. ಐಎಸ್ 303 ಅಂತ ಇರುವುದರಲ್ಲಿ ಎರಡು ಬಗೆ ಇದೆ, ನೀರು ತಡೆಯುವ ಬಿಡಬ್ಲ್ಯುಆರ್ ಒಂದು, ಒಣ ಜಾಗದ ಎಂಆರ್ ಇನ್ನೊಂದು. ಎಂಆರ್ ಅಡುಗೆಮನೆಗೆ ಬೇಡವೇ ಬೇಡ. ಮಾರ್ಕು ಹಾಳೆಯ ಮೇಲೇ ಒತ್ತಿರುತ್ತದೆ, ಕತ್ತರಿಸುವ ಮುಂಚೆ ನೋಡಿ.

ಮಾಡ್ಯುಲರ್_ಮಂಜ:

ಅಣ್ಣ, ಚಕ್ರದ ಪೆಟ್ಟಿಗೆ ಚೆನ್ನಾಗಿದೆ. ಆದರೆ ಟೈಲ್ಸ್ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡು, ಒಳಗಿನ ಪೆಟ್ಟಿಗೆ ಎಳೆಯುವಾಗ ಬೆನ್ನು ಹಿಡಿದುಕೊಳ್ಳುವುದೂ ಇದೆ. ವಯಸ್ಸಾದವರಿಗೆ ಮ್ಯಾಜಿಕ್ ಕಾರ್ನರ್ ನಿಂತಲ್ಲೇ ಸಾಮಾನು ಕೈಗೆ ಕೊಡುತ್ತದೆ, ಅದಕ್ಕೇ ಜನ ದುಡ್ಡು ಕೊಡುವುದು. ಡಬ್ಬಿ, ಗ್ಲಾಸು, ಸಣ್ಣ ಪಾತ್ರೆ ಇಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಭಾರದ ವಿಷಯಕ್ಕೆ ಬಂದರೆ ಮಾತ್ರ ನಾನೂ ನಿಮ್ಮ ಕಡೆಯೇ. ಕ್ಯಾಟಲಾಗಿನಲ್ಲಿ ಒಂದು ಬುಟ್ಟಿಗೆ ಎಷ್ಟು ಕೆಜಿ ಅಂತ ಬರೆದಿರುತ್ತದೆ. ಮನೆಯವರು ಅದನ್ನು ಓದದೆ 25 ಕೆಜಿ ಸೋನಾ ಮಸೂರಿ ಮೂಟೆ ತಂದು ಬುಟ್ಟಿಗೇ ಸುರಿದರೆ, ಆರು ತಿಂಗಳಿಗೆ ಬಾಗಿಲು ಜೋತು ಬೀಳುತ್ತದೆ. ಆಮೇಲೆ ಫೋನು ಬರುವುದು ನಮಗೆ.

ಆಚಾರಿ_ಮಗ:

ಸಂದಿ ಮಾತು ನಿಜ. ಎರಡು ಇಂಚಿನ ರಬ್ಬರ್ ಚಕ್ರ ಹಾಕಿದರೆ ಸಿಕ್ಕಿಕೊಳ್ಳುವುದಿಲ್ಲ. ಒಂದು ಇಂಚಿನ ಪ್ಲಾಸ್ಟಿಕ್ ಚಕ್ರ ಹಾಕಿಸಿದವರೇ ಹೀಗೆ ಬೈದುಕೊಳ್ಳುವುದು.

ಯುಟಿಲಿಟಿ_ಉಮಾ:

ನಡುವೆ ಬಂದೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಮೂಲೆಗೆ ಅಡುಗೆಮನೆ ಕಡೆ ಬಾಗಿಲೇ ಇಲ್ಲ. ಗೋಡೆಯ ಆಚೆ ಯುಟಿಲಿಟಿ, ಆ ಕಡೆಯಿಂದ ಒಂದು ಬಾಗಿಲು ಇಟ್ಟು ಬಕೆಟ್, ಸೋಪಿನ ಪುಡಿ, ಪೊರಕೆ ಎಲ್ಲ ಅದರೊಳಗೆ. ಅಡುಗೆಮನೆಗೆ ಮೂಲೆಯ ತಲೆನೋವೇ ಇಲ್ಲ.

ಸಿವಿಲ್_ಸಿದ್ದ:

ಗೋಡೆ ಒಡೆಯಲು ಸಾಧ್ಯವಿದ್ದರೆ ಇದು ಬಹಳ ಒಳ್ಳೆಯ ಉಪಾಯ. ಯುಟಿಲಿಟಿ ಇರಲಿ, ಊಟದ ಹಾಲ್ ಇರಲಿ, ಆ ಕಡೆಯಿಂದ ತೆರೆದರೆ ಮೂಲೆ ಮಾಮೂಲಿ ಬೀರುವಿನಂತೆ ಆಗುತ್ತದೆ. ಆದರೆ ಹೊಸ ಅಪಾರ್ಟ್‌ಮೆಂಟಿನವರು ಹುಷಾರು. ಈಗ ಎಷ್ಟೋ ಕಡೆ ಅಲ್ಯುಮಿನಿಯಂ ಅಚ್ಚು ಇಟ್ಟು ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ, ಮೈವಾನ್ ಅಂತ ಕರೆಯುವುದು ಅದನ್ನೇ. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ. ಒಂದಡಿ ಕಿಂಡಿ ಕೂಡ ಕೊರೆಯುವ ಹಾಗಿಲ್ಲ. ಇಟ್ಟಿಗೆ ಅಥವಾ ಬ್ಲಾಕ್ ಗೋಡೆ ಆದರೂ ಬಿಲ್ಡರ್ ಕೊಟ್ಟ ನಕ್ಷೆ ನೋಡಿ, ಅಸೋಸಿಯೇಷನ್‌ನವರಿಗೆ ಹೇಳಿ ಮುಂದುವರಿಯಿರಿ.

ಉತ್ತರಹಳ್ಳಿ_ಫ್ಲಾಟ್:

ನಮ್ಮದು ಮೈವಾನೇ. ಬಿಲ್ಡರ್ ಮೊದಲೇ ಹೇಳಿದ್ದಾರೆ, ಡ್ರಿಲ್ ಮಾಡುವುದಕ್ಕೂ ಕೇಳಿ ಅಂತ. ಆ ದಾರಿ ಮುಚ್ಚಿತು.

ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇಟ್ಟರೆ ಹೇಗೆ ಅಂತ ನಾದಿನಿ ಕೇಳುತ್ತಿದ್ದಾಳೆ. ಪೈಪ್ ಗ್ಯಾಸ್ ನಮ್ಮ ಕಡೆಗೆ ಇನ್ನೂ ಬಂದಿಲ್ಲ.

ಮಾಡ್ಯುಲರ್_ಮಂಜ:

ಮೇಡಂ, ಅದು ಮಾತ್ರ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ಕೂರುತ್ತದೆ. ಮೂರು ಕಡೆ ಮುಚ್ಚಿದ ಮೂಲೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ವಾಸನೆ ನಿಮ್ಮ ಮೂಗಿಗೆ ಬರುವಷ್ಟರಲ್ಲಿ ಒಳಗೆ ತುಂಬಿಕೊಂಡಿರುತ್ತದೆ. ರೆಗ್ಯುಲೇಟರ್ ಆಫ್ ಮಾಡಲು ರಾತ್ರಿ ಯಾರು ಒಳಗೆ ತೂರುತ್ತಾರೆ? 14.2 ಕೆಜಿ ಗ್ಯಾಸಿನ ತುಂಬಿದ ಸಿಲಿಂಡರನ್ನು ಆ ಸಂದಿಯಿಂದ ಎಳೆಯುವುದೂ ಅಷ್ಟು ಸುಲಭ ಅಲ್ಲ.

ಸಿಲಿಂಡರ್ ಕ್ಯಾಬಿನೆಟ್ ಒಳಗೇ ಇಡಬೇಕಾದರೆ ನೇರ ಬಾಗಿಲು ಇರುವ ಕಡೆ ಇಡಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ, ಬಾಗಿಲಿನ ಕೆಳಭಾಗದಲ್ಲಿ ಗಾಳಿಗೆ ಕಿಂಡಿ ಬಿಡಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೆ ಬದಲಾಯಿಸಬೇಕು, ಅದನ್ನು ಕ್ಯಾಬಿನೆಟ್ ಹಿಂದೆ ಕಣ್ಣಿಗೆ ಬೀಳದ ಹಾಗೆ ಎಳೆಯಬಾರದು. ಪೈಪ್ ಗ್ಯಾಸ್ ಬಂದ ಮೇಲೆ ಲೆಕ್ಕ ಉಲ್ಟಾ. ಅದು ಗಾಳಿಗಿಂತ ಹಗುರ, ಮೇಲೆ ಏರುತ್ತದೆ. ಆಗ ಮೇಲ್ಗಡೆ ಕಿಂಡಿ ಬೇಕು.

ಉತ್ತರಹಳ್ಳಿ_ಫ್ಲಾಟ್:

ಸರಿ, ಸಿಲಿಂಡರ್ ಯುಟಿಲಿಟಿಗೇ. ಈಗ ಹೊಸ ಸಮಸ್ಯೆ. ಅಕ್ಕಿ ಡ್ರಮ್ ಇಡಿ ಅಂದಿದ್ದ ಅತ್ತೆ ನಿನ್ನೆ ಯಾರನ್ನೋ ಕೇಳಿಕೊಂಡು ಬಂದು, "ಅದು ಈಶಾನ್ಯ, ಅಲ್ಲಿ ಭಾರ ಇಡಬಾರದಂತೆ" ಅನ್ನುತ್ತಿದ್ದಾರೆ. ಹಾಸನದ ಅಕ್ಕ ನೋಡಿದರೆ ಭಾರವೆಲ್ಲ ಮೂಲೆಗೇ ಅಂದರು. ಏನು ಮಾಡಲಿ?

ಹಾಸನದ_ಸೊಸೆ:

ಅಯ್ಯೋ, ಅದೂ ಬಂತಾ! ವಾಸ್ತುವಿನಲ್ಲಿ ಈಶಾನ್ಯ ಹಗುರ ಇರಬೇಕು ಅನ್ನುವುದು ಉಂಟು. ಆದರೆ ಅದು ಇಡೀ ಮನೆಯ ಈಶಾನ್ಯಕ್ಕಾ, ಒಂದೊಂದು ಕೋಣೆಯ ಈಶಾನ್ಯಕ್ಕಾ ಅಂತ ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ಈಶಾನ್ಯದಲ್ಲಿ ನೀರು ಇದ್ದರೆ ಒಳ್ಳೆಯದು ಅಂತಲೂ ಹೇಳುತ್ತಾರೆ. ಕಟ್ಟೆಯ ಮೇಲೆ ಅದೇ ಮೂಲೆಯಲ್ಲಿ ಕುಡಿಯುವ ನೀರಿನ ತಾಮ್ರದ ಬಿಂದಿಗೆ ಇಡಿ, ಅತ್ತೆಗೆ ಸಮಾಧಾನ. ಅಕ್ಕಿ ಡ್ರಮ್ ಬೇರೆ ಕಡೆ. ಕೆಳಗೆ ಪೆಟ್ಟಿಗೆಯಲ್ಲಿ ಏನಿದೆ ಅಂತ ಯಾರೂ ತೂಕ ಹಾಕುವುದಿಲ್ಲ.

ಆಚಾರಿ_ಮಗ:

ಅಕ್ಕಿ ಡ್ರಮ್ ಮೂಲೆಗೆ ಹೇಗೂ ಬೇಡ. ದಿನಾ ಎರಡು ಸಲ ಅಕ್ಕಿ ತೆಗೆಯುವುದು ನೀವು, ಅತ್ತೆ ಅಲ್ಲ 😀

ಯುಟಿಲಿಟಿ_ಉಮಾ:

ಕಟ್ಟೆ ಮೇಲಿನ ಮೂಲೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅಲ್ಲಿ ತರಕಾರಿ ಹೆಚ್ಚಲು ಆಗುವುದಿಲ್ಲ, ಕೈ ಎಟುಕುವುದಿಲ್ಲ. ನಾವು ಮಿಕ್ಸಿ, ಗ್ರೈಂಡರ್ ಅಲ್ಲೇ ಖಾಯಂ ಇಟ್ಟಿದ್ದೇವೆ. ವೈರಿಂಗ್ ಮಾಡುವಾಗಲೇ ಆ ಮೂಲೆಗೆ ಎರಡು ಪ್ಲಗ್ ಪಾಯಿಂಟ್ ಹಾಕಿಸಿ. ಮೈಕ್ರೋವೇವ್ ಇಡುವುದಾದರೆ ಅದರಲ್ಲಿ ಒಂದು 16 ಆಂಪ್‌ನದು. ಆದರೆ ಬಿಂದಿಗೆಯ ನೀರು ಪ್ಲಗ್ ಹತ್ತಿರ ಬೇಡ, ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಕಡಲ_ತೀರ_ಉಡುಪಿ:

ಜಿರಲೆ ಬಗ್ಗೆ ಯಾರೂ ಹೇಳಲಿಲ್ಲ. ಕತ್ತಲು, ಬೆಚ್ಚಗೆ, ಪಕ್ಕದಲ್ಲೇ ಸಿಂಕಿನ ನೀರು. ಮೂಲೆ ಅಂದರೆ ಅವುಗಳ ಛತ್ರವೇ. ನೀರಿನ ಪೈಪ್ ಕಲ್ಲು, ಗೋಡೆ ದಾಟುವ ತೂತು ಇರುತ್ತದಲ್ಲ, ಅದರ ಸುತ್ತ ಬೆರಳು ಹೋಗುವಷ್ಟು ಸಂದಿ ಬಿಟ್ಟಿರುತ್ತಾರೆ. ಕ್ಯಾಬಿನೆಟ್ ಕೂರಿಸುವ ಮುಂಚೆಯೇ ಅದನ್ನು ಸಿಲಿಕಾನ್ ಹಾಕಿ ಮುಚ್ಚಿಸಿ, ಆಮೇಲೆ ಕೈ ಹೋಗುವುದಿಲ್ಲ. ಹಾಳೆ, ರಟ್ಟಿನ ಡಬ್ಬ ಮೂಲೆಯಲ್ಲಿ ಇಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದೂ ಮೊದಲು ಅಲ್ಲೇ. ಬಾಗಿಲಿನಲ್ಲಿ ಗಾಳಿಯಾಡಲು ಸಣ್ಣ ಜಾಲರಿ ಇಟ್ಟರೆ ಎಷ್ಟೋ ವಾಸಿ.

ಬಾಡಿಗೆ_ಬದುಕು:

ಮೇಲಿನ ಕ್ಯಾಬಿನೆಟ್ಟಿನ ಮೂಲೆಗೆ ಏನು ಮಾಡುತ್ತೀರಿ ಎಲ್ಲರೂ?

ಮಾಡ್ಯುಲರ್_ಮಂಜ:

ಅಲ್ಲಿ ಆಳ ಒಂದಡಿ ಅಷ್ಟೇ, ಕೈ ಎಟುಕುತ್ತದೆ. ಓರೆ ಬಾಗಿಲು ಹಾಕಿಸಿ, ಒಳಗೆ ಸುಮ್ನೆ ಶೆಲ್ಫ್ ಇಡಿ, ದುಡ್ಡು ಸುರಿಯಬೇಡಿ.

ಉತ್ತರಹಳ್ಳಿ_ಫ್ಲಾಟ್:

ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಕೂತು ತೀರ್ಮಾನ ಮಾಡಿದೆವು. ಕಲ್ಲು ಕತ್ತರಿಸುವುದಿಲ್ಲ. ಮ್ಯಾಜಿಕ್ ಕಾರ್ನರ್ ಬೇಡ. ಎರಡು ಚಕ್ರದ ಪೆಟ್ಟಿಗೆ, ಮೇಲೆ ಒಳಕ್ಕೆ ಸರಿಸಿದ ಶೆಲ್ಫ್, ಒಂದು ಲೈಟು. ಉಳಿದ ದುಡ್ಡಿನಲ್ಲಿ ಒಲೆಯ ಕೆಳಗೆ ಒಂದು ಡ್ರಾಯರ್ ಜಾಸ್ತಿ ಬರುತ್ತದೆ ಅಂತ ಲೆಕ್ಕ. ಅತ್ತೆ ತಾಮ್ರದ ಬಿಂದಿಗೆಗೆ ಒಪ್ಪಿದರು. ಪ್ಲಗ್ ಪಾಯಿಂಟನ್ನು ಬಿಂದಿಗೆಯಿಂದ ದೂರ, ಒಲೆ ಕಡೆಯ ಗೋಡೆಗೆ ಸರಿಸುತ್ತೇವೆ.

ಒಂದೇ ಒಂದು ಕೊನೆಯ ಪ್ರಶ್ನೆ. ಇಂಟೀರಿಯರ್‌ನವರ ಚಿತ್ರದಲ್ಲಿ ಮೂಲೆಯ ಬಾಗಿಲು ಸಿಂಕಿನ ಕಡೆಯ ಬಾಗಿಲಿಗೆ ಅಂಟಿಕೊಂಡೇ ಶುರುವಾಗಿದೆ. ಹೀಗೇ ಇರಬೇಕಾ?

ಆಚಾರಿ_ಮಗ:

ಇಲ್ಲ ಮೇಡಂ, ಅದನ್ನು ಈಗಲೇ ತಡೆಯಿರಿ. ಮೂಲೆಯಲ್ಲಿ ಎರಡೂ ಕಡೆ ಫಿಲ್ಲರ್ ಪಟ್ಟಿ, ಅಂದರೆ ಬಾಗಿಲಿಗೂ ಮೂಲೆಗೂ ನಡುವೆ ಜಾಗ ಬಿಡುವ ಸಣ್ಣ ಹಲಗೆ, ಬರಬೇಕು. ಇಲ್ಲದಿದ್ದರೆ ಒಂದು ಕಡೆಯ ಬಾಗಿಲೋ ಡ್ರಾಯರೋ ತೆಗೆದಾಗ ಅದು ಇನ್ನೊಂದು ಕಡೆಯ ಹಿಡಿಗೆ ಹೋಗಿ ಬಡಿಯುತ್ತದೆ, ಲ್ಯಾಮಿನೇಟ್ ಕಿತ್ತು ಬರುತ್ತದೆ. ನಿಮ್ಮ ಪೆಟ್ಟಿಗೆಯೂ ನೇರ ಹೊರಗೆ ಬರುವಾಗ ಸಿಂಕಿನ ಬಾಗಿಲಿನ ಹಿಡಿಯನ್ನು ದಾಟಿಕೊಂಡು ಬರಬೇಕು. ಪಟ್ಟಿ ಎಷ್ಟು ಅಗಲ ಅಂತ ಅಂದಾಜಿಗೆ ಹೇಳಿದರೆ ಎರಡು ಇಂಚು. ಆದರೆ ಹಿಡಿ ಎಷ್ಟು ಹೊರಗೆ ಚಾಚಿದೆ ಅನ್ನುವುದರ ಮೇಲೆ ಅದು ಹೆಚ್ಚುಕಡಿಮೆ ಆಗುತ್ತದೆ. ಹಿಡಿಗಿಂತ ಅರ್ಧ ಇಂಚಾದರೂ ಜಾಸ್ತಿ ಇರಲಿ.

ಪಟ್ಟಿ ಕಳೆದರೆ ನಿಮ್ಮ ಬಾಯಿ 30 ಇಂಚಿನಿಂದ 28ಕ್ಕೆ ಇಳಿಯುತ್ತದೆ, ಪೆಟ್ಟಿಗೆಗಳ ಅಳತೆ ಇದರ ಮೇಲೆ ಹಾಕಿಸಿ. ಬಾಗಿಲಿಗೆ 165 ಡಿಗ್ರಿ ತೆರೆಯುವ ಹಿಂಜಸ್ ಕೇಳಿ. ಮಾಮೂಲಿ ಹಿಂಜಸ್ ಹಾಕಿದರೆ ಬಾಗಿಲು ಅರ್ಧಕ್ಕೇ ನಿಂತು ಪೆಟ್ಟಿಗೆಗೆ ಅಡ್ಡ ಬರುತ್ತದೆ.

ಮೊದಲು ಅಂಗಡಿಗೆ ಹೋಗಿ ಹಿಡಿ ಆರಿಸಿಕೊಂಡು ಬನ್ನಿ. ಅದು ಕೈಯಲ್ಲಿದ್ದ ಮೇಲೆ ಪಟ್ಟಿ ಕತ್ತರಿಸಲಿ.